ಸ್ಪಂಜಿನ ತುಣುಕು

ರೇಡಿಯೋ ನಿಯಂತ್ರಣದಿಂದ ಹಾರುವ ಪುಟ್ಟ ವಿಮಾನಗಳನ್ನು ಕೈಯಾರೆ ಕಟ್ಟುವವರು, ತಮ್ಮ ಕೃತಿಯನ್ನು ಮಿತ್ರರಿಗೆ ತೋರಿಸುವ ಸಂದರ್ಭದಲ್ಲಿ, ಬಾಲ್ಸಾ ಮರದ ಪಕ್ಕೆಗಳ ಮೇಲೆ ಸುಕ್ಕಿಲ್ಲದಂತೆ ಎಳೆದು ಹಚ್ಚಿದ ಹೊದಿಕೆಯನ್ನೂ, ರೆಕ್ಕೆಯ ಮುಂದಂಚಿನ ನಯವನ್ನೂ, ಮೂತಿಯಲ್ಲಿ ಹೊಳೆಯುವ ಎಂಜಿನನ್ನೂ ಬಹು ಪ್ರೀತಿಯಿಂದ ತೋರಿಸುವುದುಂಟು. ರೆಕ್ಕೆಯನ್ನು ಬಿಚ್ಚಿ, ಒಡಲೊಳಗೆ ರಿಸೀವರನ್ನು ಸ್ಪಂಜಿನಲ್ಲಿ ಹೇಗೆ ಮಲಗಿಸಿದ್ದಾರೆಂಬುದನ್ನು ತಾವಾಗಿ ತೋರಿಸುವವರು ಮಾತ್ರ ವಿರಳ. ನಾನು ಅದನ್ನೇ ಮೊದಲು ನೋಡಬಯಸುತ್ತೇನೆ. ಕಟ್ಟಿದವನ ಶ್ರದ್ಧೆಯನ್ನು ಅಳೆಯುವುದಕ್ಕೆ ಹೊರಗಿನ ಬಣ್ಣಕ್ಕಿಂತ ಒಳಗಿನ ಆ ಒಂದು ತುಣುಕು ಸ್ಪಂಜು ಹೆಚ್ಚು ನಂಬತಕ್ಕ ಸಾಕ್ಷಿಯೆಂಬುದು, ಬಹುಕಾಲ ಈ ಹವ್ಯಾಸದ ಸಹವಾಸದಲ್ಲಿರುವ ನನ್ನಲ್ಲಿ ದೃಢವಾಗಿ ನೆಲೆಸಿರುವ ಅಭಿಪ್ರಾಯ.

ಹಾರುತ್ತಿದ್ದ ಮಾದರಿಯೊಂದು ಇದ್ದಕ್ಕಿದ್ದಂತೆ ಹೇಳಿದ ಮಾತು ಕೇಳದೆ, ಮೂತಿ ತಗ್ಗಿಸಿ ನೆಲ ಸೇರಿದಾಗ, ಮೈದಾನದಲ್ಲಿ ನೆರೆದವರು ಗಾಳಿಯನ್ನು ದೂರುತ್ತಾರೆ, ಹಾರಿಸುತ್ತಿದ್ದವನ ಕೈಯನ್ನು ದೂರುತ್ತಾರೆ, ಬ್ಯಾಟರಿಯಲ್ಲಿ ಶಕ್ತಿ ಮುಗಿದಿತ್ತೇನೋ ಎಂದು ಶಂಕಿಸುತ್ತಾರೆ. ಇವೆಲ್ಲವೂ ಆಗತಕ್ಕ ಸಂಗತಿಗಳೇ. ಆದರೆ ವಾರಗಟ್ಟಲೆ, ತಿಂಗಳುಗಟ್ಟಲೆ, ಕಣ್ಣಿಗೆ ಕಾಣದೆ, ಒಂದು ಬೆಸುಗೆಯ ಚುಕ್ಕೆಯನ್ನು ಸವೆಸುತ್ತ, ಒಂದು ಸ್ವಿಚ್ಚಿನ ನಾಲಗೆಯನ್ನು ಉಜ್ಜುತ್ತ, ಒಂದು ತಂತಿಯ ಎಳೆಗಳನ್ನು ಒಂದೊಂದಾಗಿ ಕಡಿಯುತ್ತ ಬಂದ ಕಂಪನವನ್ನು ಆ ಹೊತ್ತಿನಲ್ಲಿ ನೆನೆಯುವವರು ಯಾರೂ ಇರುವುದಿಲ್ಲ. ಏಕೆಂದರೆ ಎಂಜಿನು ನಿಂತ ಕ್ಷಣದಲ್ಲಿಯೇ ಅದೂ ನಿಂತುಹೋಗುತ್ತದೆ, ಅವಶೇಷಗಳ ನಡುವೆ ಅದರ ಗುರುತು ಯಾವುದೂ ಉಳಿಯುವುದಿಲ್ಲ.

ಈ ಕಂಪನ ಎಷ್ಟು ಬಲವುಳ್ಳದ್ದೆಂಬುದನ್ನು ಲೆಕ್ಕ ಹಾಕಿ ನೋಡಿದವರಿಗೆ ದಿಗಿಲಾಗದಿರದು. ಕಲಿಯುವವರ ವಿಮಾನಗಳಿಗೆ ಬಹುಕಾಲ ಹಾಕುತ್ತಿದ್ದ ನಲವತ್ತರ ಎಂಜಿನು, ಅಂದರೆ ಸುಮಾರು ಆರೂವರೆ ಸಿ.ಸಿ.ಯ ಎರಡು ಸ್ಟ್ರೋಕಿನ ಗ್ಲೋ ಎಂಜಿನು, ನಿಮಿಷಕ್ಕೆ 12,000 ಸುತ್ತು ಸುಲಭವಾಗಿ ತಿರುಗುತ್ತದೆ. ಎಂದರೆ ಸೆಕೆಂಡಿಗೆ 200 ಸಲ. ಒಂಟಿ ಸಿಲಿಂಡರಿನೊಳಗೆ ಪಿಸ್ಟನ್ನು ಅಷ್ಟು ಸಲ ಮೇಲೇರಿ ಕೆಳಗಿಳಿಯುವಾಗ, ಎದುರುತೂಕ ಎಷ್ಟೇ ಚೆನ್ನಾಗಿರಲಿ, ಅದರ ಹೊಡೆತವನ್ನು ಪೂರ್ತಿಯಾಗಿ ಸರಿದೂಗಿಸುವುದು ಸಾಧ್ಯವಿಲ್ಲ. ಇದರ ಮೇಲೆ ಪ್ರೊಪೆಲ್ಲರಿನ ಒಂದು ಅಲಗು ಇನ್ನೊಂದಕ್ಕಿಂತ ಭಾರವಾಗಿದ್ದರಂತೂ ಕೇಳುವುದೇ ಬೇಡ. ನಡುವಿನಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ ಅರ್ಧ ಗ್ರಾಮಿನಷ್ಟು ಹೆಚ್ಚು ತೂಕವಿದ್ದರೆ, ಆ ವೇಗದಲ್ಲಿ ಅದು ಎಂಟು ಕಿಲೋಗ್ರಾಮ್ ಭಾರದಷ್ಟು ಬಲದಿಂದ ಮೂತಿಯನ್ನು ಸುತ್ತಲೂ ಎಳೆದಾಡುತ್ತದೆ. ವಿಮಾನದ ಒಟ್ಟು ತೂಕ ಎರಡೂವರೆ ಕಿಲೋ ಇದ್ದೀತು! ಅಂತಹ ಎಳೆದಾಟದ ಹಿಂದೆ ಒಂದು ಗೇಣು ದೂರದಲ್ಲಿ, ಆಕಾಶದಿಂದ ಬರುವ ಸೂಕ್ಷ್ಮ ಸಂಕೇತವನ್ನು ಹಿಡಿದು ಅರ್ಥಮಾಡಿಕೊಳ್ಳಬೇಕಾದ ಯಂತ್ರವನ್ನು ನಾವು ಕೂಡಿಸುತ್ತೇವೆ.

1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ನೆಲೆಗೊಂಡು, ತಲೆಯ ಮೇಲೆ ವಿಮಾನ ಹಾರುವುದು ದಿನನಿತ್ಯದ ನೋಟವೇ ಆಗಿಹೋದ ಬೆಂಗಳೂರಿನಲ್ಲಿ, ಮಾದರಿ ವಿಮಾನದ ಗೀಳು ಹತ್ತಿದವರು ಹಲವರಿರುವುದು ಸಹಜ. ಅಂಥವರಲ್ಲಿ ನನಗೆ ಈ ವಿದ್ಯೆಯ ಓನಾಮವನ್ನು ತಿದ್ದಿಸಿದ ಹಿರಿಯರೊಬ್ಬರು, ಎಂಜಿನು ಓಡುತ್ತಿರುವಾಗ ವಿಮಾನವನ್ನು ಹಿಂದಿನಿಂದ ಹಿಡಿದುಕೊಂಡು, ಬರಿಯ ಬೆರಳ ತುದಿಗಳನ್ನು ಒಡಲಿನ ಪಕ್ಕಕ್ಕೆ ಮುಟ್ಟಿಸಿ, ಥ್ರಾಟಲನ್ನು ನಿಧಾನವಾಗಿ ಏರಿಸುವಂತೆ ಹೇಳುತ್ತಿದ್ದರು. ಉರಿದ ಹರಳೆಣ್ಣೆಯ ವಾಸನೆ ಮೈದಾನದ ತುಂಬ ಹಬ್ಬಿರುತ್ತಿತ್ತು. ಗ್ಲೋ ಎಂಜಿನಿನ ಇಂಧನದಲ್ಲಿ ಮೆಥನಾಲಿನ ಜೊತೆಗೆ ಬೆರೆಸುವ ಜಾರೆಣ್ಣೆ ನಮ್ಮ ಮನೆಗಳಲ್ಲಿ ಮಕ್ಕಳ ತಲೆಗೆ ಒತ್ತುವ ಅದೇ ಎಣ್ಣೆ. ಎಂಜಿನಿನ ಸ್ವರ ಏರುತ್ತ ಹೋದಂತೆ, ಬೆರಳ ಕೆಳಗಿನ ನಡುಕ ಒಂದೇ ಸಮನಾಗಿ ಏರುವುದಿಲ್ಲ: ಒಂದು ಕಡೆ ಅಡಗಿದಂತಾಗಿ, ಮುಂದೆ ಒಂದು ವೇಗದಲ್ಲಿ ಒಡಲು ಇಡಿಯಾಗಿ ಝೇಂಕರಿಸಿ, ಅದನ್ನು ದಾಟಿದೊಡನೆ ಮತ್ತೆ ಶಾಂತವಾಗುತ್ತದೆ. ಆ ಝೇಂಕಾರದ ತಾಣ ಸಿಕ್ಕಿದಾಗ ಅವರು, "ಇಲ್ಲಿ ನೋಡಪ್ಪ, ಇದು ಇದರ ದುಃಖದ ಜಾಗ. ಇಲ್ಲಿ ಬಹಳ ಹೊತ್ತು ನಿಲ್ಲಿಸಬೇಡ" ಎನ್ನುತ್ತಿದ್ದರು.

ಕಂಪನದೊಡನೆ ಈ ಹೋರಾಟ ರೇಡಿಯೋ ವಿಮಾನದಷ್ಟೇ ಹಳೆಯದು. ಅಮೆರಿಕೆಯ ಮಿಷಿಗನ್ ಪ್ರಾಂತದ ಅವಳಿ ಸಹೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಮ್ ಗುಡ್ ಎಂಬವರು 1930ರ ದಶಕದ ಉತ್ತರಾರ್ಧದಲ್ಲಿ ಕಟ್ಟಿ ಹಾರಿಸಿದ 'ಗಫ್' ಎಂಬ ಮಾದರಿ ಈ ವಿದ್ಯೆಯ ಪೂರ್ವಜರಲ್ಲೊಂದಾಗಿ ಇಂದು ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. ಆ ಕಾಲದ ರಿಸೀವರಿನಲ್ಲಿದ್ದದ್ದು ಗಾಜಿನ ವಾಲ್ವು ಮತ್ತು ಅದರ ಅಲ್ಪ ಪ್ರವಾಹದಿಂದ ಎಳೆಯಲ್ಪಡುವ ಒಂದು ರಿಲೇ. ರಿಲೇಯ ಎರಡು ತುದಿಗಳ ನಡುವಣ ಅಂತರ ಕಾಗದದ ಹಾಳೆಯ ದಪ್ಪದ ಲೆಕ್ಕದಲ್ಲಿರುತ್ತಿದ್ದುದರಿಂದ, ಎಂಜಿನಿನ ನಡುಕಕ್ಕೆ ಅದರ ನಾಲಗೆ ತಾನೇ ಕಿಟಿಕಿಟಿಗುಟ್ಟಿ, ನೆಲದಿಂದ ಯಾರೂ ಕಳುಹಿಸದ ಆಜ್ಞೆಯನ್ನು ಚುಕ್ಕಾಣಿಗೆ ಮುಟ್ಟಿಸಿಬಿಡುವ ಸಂಭವವಿತ್ತು. ಆದುದರಿಂದಲೇ ಆ ತಲೆಮಾರಿನವರು ರಿಸೀವರನ್ನು ಒಡಲಿನ ನಡುವೆ, ಯಾವ ಗೋಡೆಗೂ ತಾಗದಂತೆ, ನಾಲ್ಕು ಮೂಲೆಗಳಿಂದ ರಬ್ಬರ್ ಬ್ಯಾಂಡುಗಳಲ್ಲಿ ತೂಗುಹಾಕುತ್ತಿದ್ದರು; ರಿಲೇಯ ನಾಲಗೆ ಆಡುವ ದಿಕ್ಕು ಎಂಜಿನಿನ ಕುಲುಕಾಟದ ದಿಕ್ಕಿಗೆ ಅಡ್ಡವಾಗಿರುವಂತೆ ಎಚ್ಚರ ವಹಿಸುತ್ತಿದ್ದರು. ವಾಲ್ವು ಹೋಯಿತು, ಟ್ರಾನ್ಸಿಸ್ಟರ್ ಬಂತು, ರಿಲೇ ಮಾಯವಾಯಿತು. ತರುವಾಯ ಬಂದ ರಿಸೀವರುಗಳಲ್ಲಿ ಆವೃತ್ತಿಯನ್ನು ಕಾಯುತ್ತಿದ್ದುದು ಕ್ರಿಸ್ಟಲ್ಲು: ಲೋಹದ ಪುಟ್ಟ ಡಬ್ಬಿಯೊಳಗೆ ಸೂಕ್ಷ್ಮ ಆಧಾರಗಳ ಮೇಲೆ ನಿಲ್ಲಿಸಿದ, ಸ್ಫಟಿಕದ ಅತಿ ತೆಳುವಾದ ಬಿಲ್ಲೆ. ಅದು ಬಿರುಕು ಬಿಟ್ಟರೆ ರಿಸೀವರು ಮೂಕ. ಡಬ್ಬಿಯನ್ನು ಹೊರಗಿನಿಂದ ನೋಡಿ ಯಾರೂ ಅದನ್ನು ಹೇಳಲಾರರು.

ಮೈದಾನದಲ್ಲಿ ಈಚೆಗೆ ಕಾಲೇಜಿನ ಹುಡುಗನೊಬ್ಬ ತನ್ನ ಹೊಸ ವಿಮಾನದ ಒಡಲನ್ನು ನನ್ನೆದುರು ತೆರೆದನು. ರಿಸೀವರಿಗೆ ಒಳ್ಳೆಯ ಸ್ಪಂಜನ್ನೇ ಸುತ್ತಿದ್ದ. ಆದರೆ ಅದರ ಮೇಲೆ ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು, ಸ್ಪಂಜು ಕಾಗದದಂತೆ ಚಪ್ಪಟೆಯಾಗುವವರೆಗೆ ಎಳೆದು, ಪ್ಲೈವುಡ್ಡಿನ ತಟ್ಟೆಗೆ ಬಿಗಿದಿದ್ದ.

"ಇಷ್ಟು ಬಿಗಿ ಯಾಕಪ್ಪ?" ಎಂದೆ.

"ಅಲ್ಲಾಡಬಾರದು ಅಂತ, ಸಾರ್."

"ಅದು ಅಲ್ಲಾಡಬೇಕು ಕಣಪ್ಪ. ಸ್ಪಂಜು ಅಲ್ಲಾಡಿದರೆ ತಾನೆ ಒಳಗಿರೋದು ಅಲ್ಲಾಡದೆ ಇರೋದು?"

ಹುಡುಗ ನಂಬಲಾರದೆ ನನ್ನ ಮುಖ ನೋಡಿದ. ಅವನ ಸಂಶಯ ಸಹಜವಾದುದೇ ಆಗಿತ್ತು. ಭದ್ರತೆಯೆಂದರೆ ಬಿಗಿ ಎಂಬ ಭಾವನೆ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ. ಆ ಸಂಜೆ ಅವನಿಗೆ ವಿವರಿಸಿದ್ದನ್ನು ಇಲ್ಲಿಯೂ ಸ್ವಲ್ಪ ವಿಸ್ತಾರವಾಗಿ ಬರೆಯುವ ಆಸೆ ನನ್ನದು, ಏಕೆಂದರೆ ಇಡೀ ವಿಷಯದ ತಿರುಳು ಇರುವುದು ಇಲ್ಲಿಯೇ.

ಮೆತ್ತನೆಯ ಆಧಾರದ ಮೇಲಿಟ್ಟ ಯಾವುದೇ ವಸ್ತುವಿಗೂ ತನ್ನದೇ ಆದ ಒಂದು ತೂಗಾಟದ ಗತಿಯಿರುತ್ತದೆ. ಆ ವಸ್ತುವಿನ ಭಾರಕ್ಕೆ ಆಧಾರ ಎಷ್ಟು ಕುಗ್ಗುವುದೆಂಬುದರಿಂದ ಆ ಗತಿಯನ್ನು ಅಂದಾಜು ಮಾಡಬಹುದು: ಒಂದು ಮಿಲಿಮೀಟರ್ ಕುಗ್ಗಿದರೆ ಸೆಕೆಂಡಿಗೆ ಸುಮಾರು 16 ಸಲ, ಕಾಲು ಮಿಲಿಮೀಟರ್ ಕುಗ್ಗಿದರೆ ಸುಮಾರು 32 ಸಲ. ಹೊರಗಿನ ನಡುಕದ ಆವೃತ್ತಿ ಈ ಸಹಜ ಗತಿಗಿಂತ ಬಹಳ ಹೆಚ್ಚಾಗಿದ್ದಲ್ಲಿ, ಆಧಾರ ಅದನ್ನು ನುಂಗಿಕೊಳ್ಳುತ್ತದೆ. ವಸ್ತು ಇದ್ದಲ್ಲಿಯೇ ಇರುತ್ತದೆ. ಎರಡೂ ಒಂದನ್ನೊಂದು ಸಮೀಪಿಸಿದವೋ, ಶ್ರುತಿಗೂಡಿಸಿದ ತಂಬೂರಿಯ ತಂತಿ ಪಕ್ಕದ ವೀಣೆಯ ಸ್ವರಕ್ಕೆ ಯಾರೂ ಮೀಟದೆಯೇ ಮಿಡಿಯುವಂತೆ, ವಸ್ತು ಹೊರಗಿನ ನಡುಕವನ್ನೂ ಮೀರಿ ನಡುಗತೊಡಗುತ್ತದೆ. ಆಧಾರ ನಮಗೆ ನೆರವಾಗತೊಡಗುವುದು, ಹೊರಗಿನ ಆವೃತ್ತಿ ಸಹಜ ಗತಿಯ ಸುಮಾರು ಒಂದೂವರೆ ಪಾಲನ್ನು, ಸರಿಯಾಗಿ ಹೇಳುವುದಾದರೆ ಎರಡರ ವರ್ಗಮೂಲದಷ್ಟನ್ನು, ಅಂದರೆ 1.41ರಷ್ಟನ್ನು ದಾಟಿದ ಮೇಲೆಯೇ. ಅದಕ್ಕೆ ಮುಂಚೆ ಅದು ಉಪಕಾರಕ್ಕೆ ಬದಲಾಗಿ ಅಪಕಾರವನ್ನೇ ಮಾಡುತ್ತದೆ. ಮೂರರಷ್ಟಾದರೆ ನಡುಕದ ಎಂಟನೆಯ ಒಂದು ಪಾಲು ಮಾತ್ರ ಒಳಗೆ ತಲಪುತ್ತದೆ. ಸೆಕೆಂಡಿಗೆ 200 ಸಲ ನಡುಗುವ ಎಂಜಿನಿನ ಹಿಂದೆ, 32ರ ಗತಿಯುಳ್ಳ ಸ್ಪಂಜಿನಲ್ಲಿ ಮಲಗಿದ ರಿಸೀವರಿಗೆ ಲೆಕ್ಕದ ಪ್ರಕಾರ ಮುಟ್ಟುವುದು ಸುಮಾರು ನಲವತ್ತರಲ್ಲಿ ಒಂದು ಪಾಲು. ಸ್ಪಂಜಿನ ಒಳಘರ್ಷಣೆಯನ್ನೂ ಸೇರಿಸಿಕೊಂಡರೆ ವಾಸ್ತವದ ಫಲ ಇಷ್ಟು ಸೊಗಸಾಗಿರುವುದಿಲ್ಲವಾದರೂ, ಲಾಭ ಅಪಾರವೆಂಬುದರಲ್ಲಿ ಸಂದೇಹವಿಲ್ಲ.

ಅದೇ ಸ್ಪಂಜನ್ನು ಆ ಹುಡುಗನಂತೆ ಅಮುಕಿ ಕಟ್ಟಿದರೆ ಆಗುವುದೇನು? ಅದರ ಪೆಡಸುತನ ಹೆಚ್ಚಿ, ಸಹಜ ಗತಿ 32ರಿಂದ ನೂರಕ್ಕೇರಿತೆಂದು ಭಾವಿಸೋಣ. ಸೆಕೆಂಡಿಗೆ ನೂರು ಎಂದರೆ ನಿಮಿಷಕ್ಕೆ ಆರು ಸಾವಿರ. ಅರ್ಧ ಥ್ರಾಟಲಿನಲ್ಲಿ ನಿಧಾನವಾಗಿ ಮೈದಾನ ಸುತ್ತುವಾಗ ಎಂಜಿನು ಸಾಮಾನ್ಯವಾಗಿ ನಿಲ್ಲುವ ವೇಗದ ಆಸುಪಾಸು ಅದು. ಏನನ್ನೂ ಸುತ್ತದೆ ನೇರವಾಗಿ ಹಲಗೆಗೆ ಅಂಟಿಸಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಿನ ಹಾನಿಗೆ, ಸ್ಪಂಜನ್ನು ಸುತ್ತಿಯೇ ದಾರಿ ಮಾಡಿಕೊಟ್ಟಂತಾಯಿತು. ರಿಸೀವರು ಹಗುರವಾದುದು, ಮೂವತ್ತು ನಲವತ್ತು ಗ್ರಾಮಿನದು, ಇಷ್ಟು ಹಗುರವಾದುದನ್ನು ಕಾಪಾಡುವುದೇನು ಕಷ್ಟ ಎಂದು ಕೇಳುವವರುಂಟು. ಕಷ್ಟವಿರುವುದೇ ಹಗುರತನದಲ್ಲಿ, ಸ್ಪಂಜನ್ನು ಕುಗ್ಗಿಸುವಷ್ಟು ಭಾರವೇ ಅದಕ್ಕಿಲ್ಲ. ಹೆಲಿಕಾಪ್ಟರ್ ಹಾರಿಸುವವರು ಇದನ್ನು ಚೆನ್ನಾಗಿ ಬಲ್ಲರು. ಅವರು ಬಾಲದ ಗೈರೋವಿನ ಕೆಳಗೆ ಒಂದು ಪದರ ಮೆತ್ತನೆಯ ಅಂಟುಪಟ್ಟಿ, ಅದರ ಮೇಲೆ ಉಕ್ಕಿನ ಒಂದು ಬಿಲ್ಲೆ, ಮತ್ತೆ ಇನ್ನೊಂದು ಪದರ ಅಂಟುಪಟ್ಟಿ ಹೀಗೆ ಇಡುತ್ತಾರೆ. ಒಂದೊಂದು ಗ್ರಾಮಿಗೂ ಲೆಕ್ಕ ಕೇಳುವ ಈ ವಿದ್ಯೆಯಲ್ಲಿ ಉಕ್ಕನ್ನು ಬೇಕೆಂದೇ ಸೇರಿಸುವುದು ಹೊಸಬರಿಗೆ ವಿಪರೀತವಾಗಿ ಕಂಡೀತು. ಆದರೆ ಆ ಬಿಲ್ಲೆಯ ಭಾರವೇ ನಡುಕಕ್ಕೆ ತಡೆಯಾಗುತ್ತದೆ.

ಸ್ಪಂಜಿನ ಆಯ್ಕೆಯ ವಿಷಯದಲ್ಲಿ ನಾನು ಹೆಚ್ಚು ಹೇಳಬೇಕಾದುದಿಲ್ಲ. ಬೆರಳಿಂದ ಒತ್ತಿದರೆ ತಗ್ಗಬೇಕು, ಬಿಟ್ಟರೆ ಅವಸರವಿಲ್ಲದೆ ಮೇಲೇಳಬೇಕು, ಅಷ್ಟೆ. ಎಣ್ಣೆ ಹೀರಿ ಅಂಟಂಟಾದದ್ದನ್ನೂ, ಬಿಸಿಲಿಗೆ ಪುಡಿ ಉದುರುವಂತಾದದ್ದನ್ನೂ ಮೋಹವಿಲ್ಲದೆ ಬಿಸುಡಬೇಕು.

ಇನ್ನು ತಂತಿಗಳು. ಸ್ಪಂಜನ್ನು ಶಾಸ್ತ್ರೋಕ್ತವಾಗಿ ಸುತ್ತಿ, ಸಡಿಲವಾದ ಒಂದೇ ರಬ್ಬರ್ ಬ್ಯಾಂಡು ಹಾಕಿ, ಅನಂತರ ಚುಕ್ಕಾಣಿಗಳನ್ನು ತಿರುಗಿಸುವ ಸರ್ವೋಗಳಿಂದಲೂ ಬ್ಯಾಟರಿಯಿಂದಲೂ ಬರುವ ತಂತಿಗಳನ್ನು ವೀಣೆಯ ತಂತಿಗಳಷ್ಟು ಬಿಗಿಯಾಗಿ ಎಳೆದು ಸಿಕ್ಕಿಸಿದರೆ, ಸ್ಪಂಜು ತಡೆದ ನಡುಕವೆಲ್ಲ ಆ ತಂತಿಗಳ ಮೂಲಕ ನೆಟ್ಟಗೆ ಒಳಹೋಗುತ್ತದೆ. ಒಂದೊಂದು ತಂತಿಗೂ ಬೆರಳುಂಗುರದಷ್ಟಾದರೂ ಸಡಿಲವಾದ ಸುತ್ತು ಬೇಕು. ತಂತಿ ಮುರಿಯುವ ಸ್ಥಳ ಯಾವುದೆಂಬುದೂ ಬಹುಮಟ್ಟಿಗೆ ಗೊತ್ತಾದದ್ದೇ: ಬೆಸುಗೆಯ ತವರ ಎಳೆಗಳ ನಡುವೆ ಇಳಿದು ಗಟ್ಟಿಯಾಗಿರುವ ಭಾಗ ಮುಗಿದು, ಬಾಗಬಲ್ಲ ಭಾಗ ಆರಂಭವಾಗುವ ಗಡಿ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಅಖಂಡವಾಗಿಯೇ ಇರುತ್ತದೆ, ಒಳಗೆ ಎಳೆಗಳು ಕಡಿದಿರುತ್ತವೆ. ನೆಲದ ಮೇಲೆ ಸಂಪರ್ಕ ಸಿಗುತ್ತದೆ, ಆಕಾಶದಲ್ಲಿ ಕೈಕೊಡುತ್ತದೆ.

ಸರ್ವೋವನ್ನು ಕೂಡಿಸುವಲ್ಲಿಯೂ ಇಂತಹುದೇ ಒಂದು ಸೂಕ್ಷ್ಮವಿದೆ. ಹೊಸ ಸರ್ವೋವಿನ ಪೊಟ್ಟಣದಲ್ಲಿ ನಾಲ್ಕು ಕಪ್ಪು ರಬ್ಬರ್ ಗ್ರಾಮೆಟ್ಟುಗಳೂ, ಟೋಪಿಯ ಆಕಾರದ ನಾಲ್ಕು ಹಿತ್ತಾಳೆಯ ಕೊಳವೆಗಳೂ ಬರುತ್ತವೆ. ಗ್ರಾಮೆಟ್ಟನ್ನು ಸರ್ವೋವಿನ ಕಿವಿಗೆ ಸೇರಿಸಿ, ಹಿತ್ತಾಳೆಯ ಕೊಳವೆಯನ್ನು ಅದರ ಅಗಲವಾದ ಅಂಚು ಮರದ ಕಡೆಗೆ ಬರುವಂತೆ ಕೆಳಗಿನಿಂದ ತೂರಿಸಬೇಕು. ಸ್ಕ್ರೂವನ್ನು ತಿರುಗಿಸುತ್ತ ಹೋದಾಗ ಅದು ಹಿತ್ತಾಳೆಯನ್ನು ಮುಟ್ಟಿ ನಿಲ್ಲುತ್ತದೆ. ರಬ್ಬರಿನ ಮೇಲೆ ಅತಿಯಾದ ಒತ್ತಡ ಬೀಳುವುದೇ ಇಲ್ಲ. ಸರ್ವೋ ರಬ್ಬರಿನಲ್ಲಿ ತೇಲುತ್ತದೆ. ತಲೆಕೆಳಗಾಗಿ ತೂರಿಸಿದರೆ ಕೊಳವೆಯ ಕಿರಿದಾದ ತುದಿ ಮೆದು ಮರದೊಳಕ್ಕೆ ಇಳಿದು, ರಬ್ಬರು ಅಮುಕಿಹೋಗಿ, ಮಾಡಿದ ಏರ್ಪಾಟೆಲ್ಲ ವ್ಯರ್ಥ. ಕಾಳಿನಷ್ಟು ಗಾತ್ರದ ಈ ಕೊಳವೆಯನ್ನು ಕಲ್ಪಿಸಿದವನಾರೋ ನಾನರಿಯೆ, ಆದರೆ ಪ್ರತಿಸಲವೂ ಅದನ್ನು ಬೆರಳ ನಡುವೆ ಹಿಡಿದಾಗ ಅವನಲ್ಲಿ ನನಗೆ ಗೌರವ ಮೂಡುತ್ತದೆ. ಸರ್ವೋವಿನ ಒಳಗೆ ತೋಳಿನ ಸ್ಥಾನವನ್ನು ಅಳೆಯುವ ಪೊಟೆನ್ಶಿಯೋಮೀಟರ್ ಇರುತ್ತದೆ. ನಡುಕ ತಾಗುತ್ತಿದ್ದರೆ ಅದರ ಉಜ್ಜುಗಾಲು ನಟ್ಟನಡುವಿನ ಒಂದೇ ಜಾಗವನ್ನು ಸವೆಸಿ, ಕೊನೆಗೆ ಚುಕ್ಕಾಣಿ ನಿಂತಲ್ಲಿ ನಿಲ್ಲದೆ ಅದುರತೊಡಗುತ್ತದೆ.

ಈಗಿನ ಡ್ರೋನುಗಳ ಕಾಲದಲ್ಲಿ ಈ ಪ್ರಶ್ನೆ ಮುಗಿಯಿತೆಂದು ತಿಳಿದವರಿದ್ದಾರೆ. ವಿದ್ಯುತ್ ಮೋಟಾರು ಗ್ಲೋ ಎಂಜಿನಿಗಿಂತ ನಯವಾಗಿ ತಿರುಗುವುದು ದಿಟ. ಆದರೆ ಕಾಪಾಡಬೇಕಾದ ವಸ್ತುವೂ ಅಷ್ಟೇ ಸೂಕ್ಷ್ಮವಾಗಿಬಿಟ್ಟಿದೆ. ನಾಲ್ಕು ಪ್ರೊಪೆಲ್ಲರುಗಳ ಡ್ರೋನು ತನ್ನ ನಿಲುವನ್ನು ತಾನೇ ಅರಿತುಕೊಳ್ಳುವುದು ಉಗುರಿಗಿಂತ ಚಿಕ್ಕದಾದ ಒಂದು ಚಿಪ್ಪಿನಿಂದ. ಆ ಚಿಪ್ಪಿನೊಳಗೆ ಕೂದಲಿಗಿಂತ ತೆಳುವಾದ ಸಿಲಿಕಾನ್ ತೊಲೆಗಳಿಗೆ ನೇತುಬಿದ್ದ ಸಿಲಿಕಾನ್ ತುಣುಕಿನ ಸರಿದಾಟವನ್ನು ಅಳೆದು, ಯಂತ್ರ ತಾನು ಓಲಿದೆಯೆ, ಏರುತ್ತಿದೆಯೆ ಎಂಬುದನ್ನು ನಿರ್ಣಯಿಸುತ್ತದೆ. ಕಂಪನ ಇದನ್ನು ಮುರಿಯುವುದಿಲ್ಲ. ಇದರಿಂದ ಸುಳ್ಳು ಹೇಳಿಸುತ್ತದೆ. ಅಳತೆಯನ್ನು ಸೆಕೆಂಡಿಗೆ ಇಷ್ಟು ಸಲವೆಂದು ಗೊತ್ತುಮಾಡಿಕೊಂಡು ತೆಗೆಯುವುದರಿಂದ, ಅದರ ಅರ್ಧವನ್ನು ಮೀರಿದ ನಡುಕ ನಿಧಾನವಾದ ಬೇರೊಂದು ಚಲನೆಯ ವೇಷದಲ್ಲಿ ಲೆಕ್ಕದೊಳಕ್ಕೆ ನುಸುಳುತ್ತದೆ. ಇದ್ದ ಎತ್ತರದಲ್ಲಿಯೇ ನಿಲ್ಲಬೇಕಾದ ಡ್ರೋನು ತಾನು ಇಳಿಯುತ್ತಿದ್ದೇನೆಂದು ಭ್ರಮಿಸಿ, ಹಾರಿಸುವವನ ಅಪ್ಪಣೆಯಿಲ್ಲದೆ ಮೇಲೇರಿ ಹೋಗುವುದು ಇದರಿಂದಲೇ. ಆರ್ಡುಪೈಲಟ್ ಎಂಬ ಮುಕ್ತ ತಂತ್ರಾಂಶವನ್ನು ರಚಿಸಿದವರು ಇದಕ್ಕೊಂದು ಅಳತೆಗೋಲನ್ನೇ ಕೊಟ್ಟಿದ್ದಾರೆ: ಕಂಪನದ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 30 ಮೀಟರಿನ ಒಳಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ, 60ನ್ನು ದಾಟಿದರೆ ತೊಂದರೆ ಬಹುಮಟ್ಟಿಗೆ ನಿಶ್ಚಯ. ಹಾರಾಟದ ದಾಖಲೆಯನ್ನು ತೆರೆದು ನೋಡಿದರೆ ಈ ಅಂಕಿ ಯಾರಿಗಾದರೂ ಸಿಗುತ್ತದೆ. ನಮ್ಮ ಕಾಲದಲ್ಲಿ ಬೆರಳ ತುದಿಯಿಂದ ಊಹಿಸುತ್ತಿದ್ದುದು ಇಂದು ಗೆರೆಯಾಗಿ ಪರದೆಯ ಮೇಲೆ ಮೂಡುವುದನ್ನು ಕಂಡು ನನಗಾಗುವ ಸಂತೋಷ ಸಣ್ಣದಲ್ಲ.

ಮೋಟಾರಿನ ವೇಗವನ್ನು ತಿಳಿದುಕೊಂಡು, ಆ ಆವೃತ್ತಿಯ ನಡುಕವನ್ನು ಮಾತ್ರ ಲೆಕ್ಕದಿಂದ ಸೋಸಿ ತೆಗೆಯುವ ತಂತ್ರಾಂಶಗಳೂ ಈಗ ಬಂದಿವೆ, ಅವು ನಿಜಕ್ಕೂ ಪ್ರತಿಭೆಯ ಫಲಗಳು. ಆದರೂ ಸೋಸುವ ಕೆಲಸಕ್ಕೆ ಕಾಲ ಹಿಡಿಯುತ್ತದೆ, ಹೆಚ್ಚು ಸೋಸಿದಷ್ಟೂ ಯಂತ್ರದ ಪ್ರತಿಕ್ರಿಯೆ ತಡವಾಗುತ್ತದೆ. ಹುಟ್ಟುವಲ್ಲಿಯೇ ನಡುಕವನ್ನು ತಗ್ಗಿಸುವುದಕ್ಕೆ ಸಮನಾದ ಉಪಾಯ ಬೇರೊಂದಿಲ್ಲವೆಂದು ನಾನು ನಂಬಿದ್ದೇನೆ. ಪ್ರೊಪೆಲ್ಲರನ್ನು ನಯವಾದ ಕಡ್ಡಿಗೆ ಪೋಣಿಸಿ, ಕಡ್ಡಿಯ ಎರಡು ತುದಿಗಳನ್ನೂ ಮಟ್ಟವಾದ ಅಂಚುಗಳ ಮೇಲಿರಿಸಿ, ಫ್ಯಾನು ನಿಲ್ಲಿಸಿ ನೋಡಿರಿ: ಭಾರವಾದ ಅಲಗು ಮೆಲ್ಲನೆ ಕೆಳಗಿಳಿಯುತ್ತದೆ. ಅದರ ಹಿಂಬದಿಯನ್ನು ನುಣುಪು ಮರಳುಕಾಗದದಿಂದ ತುಸು ತುಸುವಾಗಿ ಉಜ್ಜುತ್ತ, ಯಾವ ಕೋನದಲ್ಲಿ ಬಿಟ್ಟರೂ ಬಿಟ್ಟಲ್ಲಿಯೇ ನಿಲ್ಲುವಂತೆ ಮಾಡುವುದು ಅರ್ಧ ಗಂಟೆಯ ಕೆಲಸ. ಎಂಟು ಕಿಲೋಗ್ರಾಮಿನ ಎಳೆದಾಟ ಅಷ್ಟರಿಂದಲೇ ಇಲ್ಲವಾಗುತ್ತದೆ.

ಇಂತಹ ಚಿಕ್ಕ ಕೆಲಸಗಳ ಒಟ್ಟು ಫಲ ಎಷ್ಟಾಗಬಲ್ಲುದೆಂಬುದಕ್ಕೆ ಮೇನಾರ್ಡ್ ಹಿಲ್ ಎಂಬ ಅಮೆರಿಕದ ವೃದ್ಧ ಎಂಜಿನಿಯರರ ಸಾಧನೆಗಿಂತ ದೊಡ್ಡ ದೃಷ್ಟಾಂತವನ್ನು ನಾನು ಕಾಣೆ. ದೃಷ್ಟಿ ಬಹುಪಾಲು ಹೋಗಿ, ಕಿವಿಯೂ ಮಂದವಾಗಿದ್ದ ಆ ವಯಸ್ಸಿನಲ್ಲಿ ಅವರು ಬಾಲ್ಸಾ ಮರದಿಂದ ಐದು ಕಿಲೋಗ್ರಾಮಿಗೆ ಮೀರದ ವಿಮಾನವೊಂದನ್ನು ತಮ್ಮ ಸಂಗಡಿಗರೊಡನೆ ಕಟ್ಟಿದರು. ಮೊದಲಿನ ಪ್ರಯತ್ನಗಳು ಕಡಲಪಾಲಾದುವು. 2003ರ ಆಗಸ್ಟ್ ತಿಂಗಳಲ್ಲಿ ನ್ಯೂಫೌಂಡ್‌ಲೆಂಡಿನ ಕೇಪ್ ಸ್ಪಿಯರಿನಿಂದ ಹೊರಟ 'ಸ್ಪಿರಿಟ್ ಆಫ್ ಬಟ್ಸ್ ಫಾರ್ಮ್' ಎಂಬ ಆ ಮಾದರಿ, ತನ್ನ ಒಡಲೊಳಗಿನ ಸ್ವಯಂಚಾಲಕ ಯಂತ್ರದ ಮಾರ್ಗದರ್ಶನದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ, 38 ಗಂಟೆ 52 ನಿಮಿಷಗಳ ತರುವಾಯ ಐರ್ಲೆಂಡಿನ ಕಡಲ ದಂಡೆಯಲ್ಲಿ ಇಳಿಯಿತು. ಕ್ರಮಿಸಿದ ದೂರ 3,000 ಕಿಲೋಮೀಟರಿಗೂ ಹೆಚ್ಚು. ಎಂಜಿನು ನಿಮಿಷಕ್ಕೆ ಸುಮಾರು ನಾಲ್ಕು ಸಾವಿರ ಸುತ್ತು ತಿರುಗಿತೆಂದು ಲೆಕ್ಕಕ್ಕೆ ಹಿಡಿದರೆ, ಆ ಪುಟ್ಟ ವಿಮಾನದ ಒಂದೊಂದು ಬೆಸುಗೆಯೂ, ಒಂದೊಂದು ತಂತಿಯೂ ತೊಂಬತ್ತು ಲಕ್ಷಕ್ಕೂ ಮಿಗಿಲಾದ ಕುಲುಕಾಟಗಳನ್ನು, ಮುಟ್ಟಿ ಸರಿಪಡಿಸುವ ಕೈಯೊಂದು ಹತ್ತಿರವಿಲ್ಲದೆ, ಸಹಿಸಿ ಉಳಿದವು. ಅವುಗಳಲ್ಲಿ ಒಂದೇ ಒಂದು ಸೋತಿದ್ದರೂ ನಡುಗಡಲೇ ಗತಿಯಾಗುತ್ತಿತ್ತು. ದಾಖಲೆಗಳ ಪುಸ್ತಕ ದೂರವನ್ನೂ ಕಾಲವನ್ನೂ ಬರೆದಿಟ್ಟಿದೆ. ನನ್ನ ಮನಸ್ಸು ಹೋಗುವುದು ಆ ಬೆಸುಗೆಗಳ ಕಡೆಗೆ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂದು ಡ್ರೋನು ಕಟ್ಟುವ ತರುಣ ತರುಣಿಯರು ಎಷ್ಟೋ ಜನ. ಅವರ ಬುದ್ಧಿ ಚುರುಕು, ಸಾಮಗ್ರಿಯೂ ಈಗ ಸುಲಭವಾಗಿ ಸಿಗುತ್ತದೆ. ಅವರಲ್ಲಿ ನನ್ನದೊಂದು ಬಿನ್ನಹ: ಇನ್ನೂ ಬೆಲೆಬಾಳುವ ಚಿಪ್ಪನ್ನು ತರಿಸುವುದಕ್ಕೆ ಮೊದಲು ಇರುವ ಪ್ರೊಪೆಲ್ಲರನ್ನು ತೂಗಿ ನೋಡಿರಿ, ಮುಂದಿನ ಹಾರಾಟಕ್ಕೆ ಮುಂಚೆ ಒಡಲನ್ನು ತೆರೆದು, ಸ್ಪಂಜನ್ನು ಬೆರಳಿಂದ ಒತ್ತಿ, ಅದು ತಗ್ಗದಿದ್ದರೆ ಕಟ್ಟನ್ನು ಸಡಿಲಿಸಿರಿ, ಮೇಲೇಳದಿದ್ದರೆ ಹೊಸದನ್ನು ಹಾಕಿರಿ, ತಂತಿಗಳಿಗೆ ಒಂದೊಂದು ಸುತ್ತು ಸಡಿಲ ಕೊಡಿರಿ. ಹಾಸಿಗೆ ಮಾರುವ ಯಾವ ಅಂಗಡಿಯಲ್ಲಿ ಕೇಳಿದರೂ ಕತ್ತರಿಸಿ ಉಳಿದ ಸ್ಪಂಜನ್ನು ನಾಲ್ಕು ಕಾಸಿಗೆ ಕೊಡುತ್ತಾರೆ.